ಕಸದಿಂದ ಕಲೆ ಸರಿ, ಆದರೆ ಯಾರ ಕಸ? ಯಾರ ಕಲೆ?

ನಮ್ಮ ಬೀದಿಯ ಕೊನೆಯಲ್ಲಿ ಒಂದು ಅರಳಿಕಟ್ಟೆ ಇದೆ. ಮೈಸೂರಿನ ಹಳೇ ಬಡಾವಣೆಗಳಲ್ಲಿ ಇಂಥದ್ದೊಂದು ಕಟ್ಟೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಹಬ್ಬ ಮುಗಿದ ಮಾರನೇ ದಿನ ಆ ಮರದ ಬುಡ ನೋಡಬೇಕು. ಗಾಜು ಒಡೆದ ಲಕ್ಷ್ಮಿಯ ಫೋಟೊ, ಸೊಂಡಿಲು ಮುಕ್ಕಾದ ಗಣಪತಿ, ಯಾರದೋ ಮನೆಯ ತಾತನ ಕಾಲದ ವೆಂಕಟರಮಣ, ದೇವರ ಚಿತ್ರವಿರುವ ಹಳೇ ಕ್ಯಾಲೆಂಡರು, ಗೊಂಬೆ ಹಬ್ಬದಲ್ಲಿ ಕೈ ಮುರಿದುಕೊಂಡ ಶೆಟ್ಟಿ ಗೊಂಬೆ. ಒಡೆದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಕಸದ ಬುಟ್ಟಿಗೆ ಹಾಕಲು ಕೈ ಬರುವುದಿಲ್ಲ. ಹಾಗಾಗಿ ಮರದ ಬುಡದಲ್ಲಿಟ್ಟು, ಕೈ ಮುಗಿದು ಹೋಗುತ್ತಾರೆ.

ಮರ ತಾನೇ ಏನು ಮಾಡೀತು? ಕೊನೆಗೆ ಅದನ್ನೆಲ್ಲ ಎತ್ತುವವರು ಪೌರಕಾರ್ಮಿಕರು. ನಮ್ಮ ಬೀದಿಗೆ ಬರುವ ಹೆಂಗಸೊಬ್ಬರು ಇವನ್ನೆಲ್ಲ ಬೇರೆಯದೇ ಚೀಲಕ್ಕೆ ತುಂಬಿ, ಕಸದ ಆಟೊದಲ್ಲಿ ಡ್ರೈವರ್ ಸೀಟಿನ ಪಕ್ಕ ಇಡುವುದನ್ನು ನೋಡಿ ಒಮ್ಮೆ ಯಾಕಮ್ಮಾ ಅಂತ ಕೇಳಿದೆ. “ಎಂಗ್ ಸಾ ಕಸದ್ ಜೊತೆ ಆಕದು? ದ್ಯಾವ್ರಲ್ವಾ? ನಿಮ್ಗೆ ಪಾಪ ಬ್ಯಾಡ, ಬಂದ್ರೆ ನಮ್ಗೇ ಬರ್ಲಿ ಅಂತ ಇಲ್ಲಿಕ್ಬುಟ್ ಓಯ್ತೀರ” ಅಂದರು. ನಗುತ್ತಲೇ ಅಂದದ್ದು. ಆದರೆ ನನಗೆ ನಗು ಬರಲಿಲ್ಲ.

ಆ ಮಾತು ಮತ್ತೆ ನೆನಪಾದದ್ದು ಇನ್ನೊಂದು ಬಡಾವಣೆಯ ಉದ್ಯಾನದಲ್ಲಿ. ಗೇಟು ದಾಟುತ್ತಿದ್ದಂತೆ ಬೈಕ್ ಚೈನು, ಗೇರು, ಸ್ಪ್ಯಾನರುಗಳನ್ನು ವೆಲ್ಡಿಂಗ್ ಮಾಡಿ ನಿಲ್ಲಿಸಿದ ಆಳೆತ್ತರದ ನವಿಲು. ಕೆಲಸ ಅಚ್ಚುಕಟ್ಟಾಗಿತ್ತು, ಮಾಡಿದವರ ಕೈಯಲ್ಲಿ ಕಸುಬಿತ್ತು. ಆದರೆ ಗರಿಯ ಎರಡು ತುಂಡು ಕಿತ್ತುಹೋಗಿದ್ದವು, ತುಕ್ಕಿನ ನೀರು ಪೀಠದ ಮೇಲೆ ಕೆಂಪಗೆ ಹರಿದು ಒಣಗಿತ್ತು. ಪೀಠದ ಕಲ್ಲಿನಲ್ಲಿ ಉದ್ಘಾಟಿಸಿದವರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು, ಗುತ್ತಿಗೆದಾರರ ಹೆಸರು. ಮಾಡಿದವರ ಹೆಸರಿಲ್ಲ. ಅದಕ್ಕೆ ಬೇಕಾದ ಕಬ್ಬಿಣವನ್ನು ಊರೆಲ್ಲ ತಿರುಗಿ ಆಯ್ದವರ ಹೆಸರಂತೂ ಯಾರಿಗೂ ಗೊತ್ತಿರಲಾರದು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರನ್ನು “ಇದು ಯಾವಾಗ ಬಂತು ಸಾರ್?” ಅಂತ ಕೇಳಿದೆ. “ಒಂದಿನ ಬೆಳಿಗ್ಗೆ ವಾಕಿಂಗ್ ಬಂದಾಗ ಇತ್ತು” ಅಂದರು.

ಆ ಹಿರಿಯರು ಹೇಳಿದ್ದರಲ್ಲೇ ಇಡೀ ಸಮಸ್ಯೆ ಇದೆ. ಬಿಸಾಡಿದ ವಸ್ತುವಿನಿಂದ ಮಾಡಿದ ಶಿಲ್ಪಕ್ಕೆ ನಾವು ಸುಲಭವಾಗಿ ‘ಸಮುದಾಯದ ಕಲೆ’ ಅಂತ ಹೆಸರಿಟ್ಟುಬಿಡುತ್ತೇವೆ. ಕಸ ಎಲ್ಲರದ್ದು, ಹಾಗಾಗಿ ಕಲೆಯೂ ಎಲ್ಲರದ್ದು ಎಂಬ ಲೆಕ್ಕ. ಈ ಲೆಕ್ಕ ತಪ್ಪು. ಆ ವಸ್ತುವನ್ನು ಬಳಸಿದವರು, ಎಸೆದವರು, ಎತ್ತಿದವರು ಒಟ್ಟಿಗೆ ಕೂತು ಏನು ಮಾಡೋಣ, ಎಲ್ಲಿಡೋಣ ಅಂತ ತೀರ್ಮಾನಿಸಿದರೆ ಮಾತ್ರ ಅದು ಸಮುದಾಯದ್ದು. ಇಲ್ಲದಿದ್ದರೆ ಅದೊಂದು ಅಲಂಕಾರ, ಅಷ್ಟೆ.

ಅಂಕಪಟ್ಟಿಯ ನವಿಲು

ಈ ನವಿಲುಗಳು ಎಲ್ಲಿಂದ ಬಂದವು ಎಂಬುದಕ್ಕೆ ಒಂದು ಸರ್ಕಾರಿ ಚರಿತ್ರೆ ಇದೆ. ಮೈಸೂರಿಗೆ ಸ್ವಚ್ಛತೆಯ ಪಟ್ಟಿಗಳೊಂದಿಗೆ ಹಳೆಯ ನಂಟು. 2010ರಲ್ಲಿ ಕೇಂದ್ರ ಸರ್ಕಾರ 423 ನಗರಗಳ ನೈರ್ಮಲ್ಯದ ಪಟ್ಟಿ ಮಾಡಿದಾಗ ಚಂಡೀಗಢ ಮೊದಲು, ಮೈಸೂರು ಎರಡನೆಯದು. 2015ರಲ್ಲಿ 476 ನಗರಗಳಲ್ಲಿ ಮೈಸೂರೇ ಮೊದಲು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ನಡುವೆ ಮತ್ತೆ ಮೊದಲು. 2017ರಲ್ಲಿ ಇಂದೋರ್ ಬಂದು ಕುರ್ಚಿ ಹಿಡಿಯಿತು, ನಾವು ಐದನೇ ಸ್ಥಾನಕ್ಕೆ ಇಳಿದೆವು. ಅಲ್ಲಿಂದ ಏರಿಳಿತ ನಡೆದೇ ಇದೆ. 2025ರ ಜುಲೈನಲ್ಲಿ ಪ್ರಕಟವಾದ ‘ಸೂಪರ್ ಸ್ವಚ್ಛ ಲೀಗ್’ನಲ್ಲಿ, 3ರಿಂದ 10 ಲಕ್ಷ ಜನಸಂಖ್ಯೆಯ ನಗರಗಳ ಸಾಲಿನಲ್ಲಿ ನೋಯ್ಡಾ, ಚಂಡೀಗಢದ ನಂತರ ಮೈಸೂರಿನ ಹೆಸರಿತ್ತು.

ಪಟ್ಟಿ ಎಂದ ಮೇಲೆ ಅಂಕ ಇರಲೇಬೇಕು. 2023ರ ಸರ್ವೇಕ್ಷಣೆಯ ಘೋಷವಾಕ್ಯ ‘ವೇಸ್ಟ್ ಟು ವೆಲ್ತ್’, ಕಸದಿಂದ ಸಂಪತ್ತು. ಆ ಸುತ್ತಿನ ಮಾನದಂಡಗಳಲ್ಲಿ ‘ವೇಸ್ಟ್ ಟು ವಂಡರ್’ ಪಾರ್ಕ್‌ಗಳಿಗೂ ಜಾಗ ಸಿಕ್ಕಿತು. ಇದಕ್ಕೆ ಮಾದರಿ ಹಾಕಿಕೊಟ್ಟದ್ದು ದೆಹಲಿ. 2019ರ ಫೆಬ್ರುವರಿಯಲ್ಲಿ ಸರಾಯ್ ಕಾಲೇ ಖಾನ್ ಬಳಿ ತೆರೆದ ಪಾರ್ಕ್‌ನಲ್ಲಿ ಸುಮಾರು 150 ಟನ್ ಗುಜರಿಯಿಂದ ತಾಜ್‌ಮಹಲ್, ಐಫೆಲ್ ಟವರ್, ಪೀಸಾ ಗೋಪುರ ಸೇರಿ ಏಳು ಅದ್ಭುತಗಳ ನಕಲು ನಿಲ್ಲಿಸಿದರು. ಖರ್ಚು ಸುಮಾರು 7.5 ಕೋಟಿ ರೂಪಾಯಿ. ಜನ ಮುಗಿಬಿದ್ದು ಹೋದರು, ಸೆಲ್ಫಿ ತೆಗೆದುಕೊಂಡರು. ಅದರಲ್ಲಿ ತಪ್ಪೇನಿಲ್ಲ. ಆದರೆ ದೆಹಲಿಯ ಗುಜರಿಗೆ ಪ್ಯಾರಿಸಿನ ಗೋಪುರ ಆಗುವುದು ಬಿಟ್ಟರೆ ಹೇಳಲು ತನ್ನದೇ ಆದ ಮಾತೇನೂ ಇರಲಿಲ್ಲವೇ?

ಯಾವುದಕ್ಕೆ ಅಂಕ ಇಡುತ್ತೇವೋ ಅದಕ್ಕೆ ಟೆಂಡರ್ ಹುಟ್ಟುತ್ತದೆ. ಟೆಂಡರಿಗೆ ಅಳತೆ ಬೇಕು: ಇಷ್ಟು ಅಡಿ ಎತ್ತರ, ಇಷ್ಟು ಕೆ.ಜಿ. ತೂಕ, ಇಂತಿಷ್ಟು ದಿನದಲ್ಲಿ ಮುಗಿಯಬೇಕು. ಸಿಂಹ, ನವಿಲು, ಆನೆ, ಗಿಟಾರು ಇವೆಲ್ಲ ಈ ಅಳತೆಗೆ ಸಲೀಸಾಗಿ ಒಗ್ಗುತ್ತವೆ. ಯಾರಿಗೂ ಬೇಸರವಿಲ್ಲ, ಯಾರ ಆಕ್ಷೇಪವೂ ಬರುವುದಿಲ್ಲ. ಫೋಟೊ ತೆಗೆದು ಪೋರ್ಟಲ್‌ಗೆ ಹಾಕಿದರೆ ಆಯಿತು. ಅಲ್ಲಿಗೆ ಶಿಲ್ಪದ ಕೆಲಸ ಮುಗಿಯಿತು. ಆಮೇಲೆ ತುಕ್ಕು ಹಿಡಿದರೆ ಕೇಳುವವರಿಲ್ಲ, ಯಾಕೆಂದರೆ ತುಕ್ಕಿಗೆ ಅಂಕ ಇಲ್ಲ.

ಕಬ್ಬಿಣ ಯಾವತ್ತು ಕಸವಾಗಿತ್ತು?

ಇನ್ನೊಂದು ವಿಷಯವನ್ನು ನಾವು ಗಮನಿಸುವುದೇ ಇಲ್ಲ. ಗುಜರಿ ಅಂಗಡಿಯವರನ್ನು ಕೇಳಿದರೆ ಐದು ನಿಮಿಷದಲ್ಲಿ ಪಾಠ ಹೇಳುತ್ತಾರೆ. ಕಬ್ಬಿಣಕ್ಕೊಂದು ರೇಟು, ಅಲ್ಯೂಮಿನಿಯಂಗೆ ಇನ್ನೊಂದು, ತಾಮ್ರ, ಹಿತ್ತಾಳೆ ಅಂದರೆ ತಕ್ಕಡಿ ಮುಂದೆ ಕಣ್ಣರಳುತ್ತದೆ. ರಟ್ಟು, ಪೇಪರು, ಹಾಲಿನ ಕವರು, ನೀರಿನ ಬಾಟಲಿ ಎಲ್ಲಕ್ಕೂ ಬೆಲೆ ಉಂಟು. ನಾನು ಮಾತಾಡಿಸಿದ ಗುಜರಿಯವರೊಬ್ಬರು ಕೇಳಿದ್ದು ಹೀಗೆ: “ಕಬ್ಬಿಣ ಯಾವತ್ ಸಾರ್ ವೇಸ್ಟ್ ಆಗಿತ್ತು? ನಮ್ ಹತ್ರ ಬಂದಿದ್ದು ಕರಗಿ ವಾಪಸ್ ಸರಳಾಗಿ ನಿಮ್ ಮನೆಗೇ ಬರುತ್ತೆ. ನೀವು ಅದನ್ನ ಸಿಂಹ ಮಾಡಿ ನಿಲ್ಸಿದ್ರೆ ಅದು ಅಲ್ಲೇ ನಿಲ್ತು.”

ಯೋಚಿಸಿದರೆ ಸರಿಯಾದ ಮಾತು. ಮೈಸೂರಿನಲ್ಲಿ ದಿನಕ್ಕೆ 500 ಟನ್ ಆಸುಪಾಸು ಕಸ ಹುಟ್ಟುತ್ತದೆ. ಅದರಲ್ಲಿ ನಿಜಕ್ಕೂ ಯಾರಿಗೂ ಬೇಡದ್ದು ಕಬ್ಬಿಣ ಅಲ್ಲ. ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆ, ಥರ್ಮಾಕೋಲು, ಹರಿದ ರೆಕ್ಸಿನ್, ಕಿತ್ತುಹೋದ ಚಪ್ಪಲಿ, ಒಡೆದ ಪಿಂಗಾಣಿ, ಹಳೇ ಹಾಸಿಗೆ, ಫ್ಲೆಕ್ಸು. ಇವನ್ನು ಗುಜರಿಯವರು ಮುಟ್ಟುವುದಿಲ್ಲ. ವಿದ್ಯಾರಣ್ಯಪುರದ ಸೂಯೆಜ್ ಫಾರಂನಲ್ಲಿ ವರ್ಷಗಟ್ಟಲೆ ಗುಡ್ಡ ಬಿದ್ದಿದ್ದು ಇಂಥದ್ದೇ. ಅದರ ವಾಸನೆ ಕುಡಿದು ಬದುಕಿದವರು, ಬೀದಿಗಿಳಿದು ಪ್ರತಿಭಟಿಸಿದವರು ಸುತ್ತಮುತ್ತಲಿನ ಬಡಾವಣೆಗಳ ಜನ. ನಮ್ಮ ಉದ್ಯಾನದ ನವಿಲಿಗೂ ಅವರ ಕಷ್ಟಕ್ಕೂ ಯಾವ ಸಂಬಂಧವೂ ಇಲ್ಲ.

ಹಾಗಾದರೆ ಬೆಲೆಯಿಲ್ಲದ ಪ್ಲಾಸ್ಟಿಕ್ಕಿನಿಂದಲೇ ಶಿಲ್ಪ ಮಾಡೋಣವೇ? ಅಲ್ಲೂ ಹುಷಾರಾಗಿರಬೇಕು. ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ಕು ವರ್ಷ ಎರಡು ವರ್ಷದಲ್ಲಿ ಹಪ್ಪಳದಂತೆ ಪುಡಿಯಾಗಿ ಮಣ್ಣಿಗೆ ಸೇರುತ್ತದೆ. ಆಮೇಲೆ ಅದನ್ನು ಆಯುವುದು ಯಾರಿಂದಲೂ ಆಗದು. ಹಳೇ ಟೈರುಗಳಿಂದ ಮಾಡಿದ ಪ್ರಾಣಿಗಳು ಮಕ್ಕಳಿಗೆ ಇಷ್ಟ. ಆದರೆ ಟೈರಿನ ಹೊಟ್ಟೆಯಲ್ಲಿ ನಿಂತ ಮಳೆನೀರು ಡೆಂಗಿ ಸೊಳ್ಳೆಗೂ ಅಷ್ಟೇ ಇಷ್ಟ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಗಿ ಬಂದ ರಾಜ್ಯ ನಮ್ಮದು. ಟೈರಿಗೆ ತೂತು ಕೊರೆದು ನೀರು ಹರಿಯುವಂತೆ ಮಾಡಬೇಕು, ಇಲ್ಲವೇ ಮಣ್ಣು ತುಂಬಬೇಕು. ಸತು ಲೇಪಿಸಿದ ತಗಡನ್ನು ವೆಲ್ಡಿಂಗ್ ಮಾಡಿದರೆ ಬರುವ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ. ಹಳೇ ಟಿವಿ, ಬ್ಯಾಟರಿಗಳಲ್ಲಿ ಸೀಸ ಇರುತ್ತದೆ. ‘ಕಸದಿಂದ ರಸ’ ಅಂತ ಬ್ಯಾನರ್ ಕಟ್ಟಿ ಶಾಲಾ ಮಕ್ಕಳನ್ನು ಕೂರಿಸುವ ಮುಂಚೆ ಇದನ್ನೆಲ್ಲ ತಿಳಿದವರನ್ನು ಕೇಳಬೇಕಲ್ಲ? ತಿಳಿದವರು ಅಂದರೆ ದಿನಾ ಆ ಕಸ ವಿಂಗಡಿಸುವವರು.

ಇಷ್ಟಕ್ಕೂ 500 ಟನ್‌ನ ಮುಂದೆ ಒಂದೆರಡು ಟನ್‌ನ ಶಿಲ್ಪ ಯಾವ ಲೆಕ್ಕ? ಶಿಲ್ಪದಿಂದ ಕಸದ ಸಮಸ್ಯೆ ತೀರುತ್ತದೆ ಅನ್ನುವುದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು. ಶಿಲ್ಪದಿಂದ ಆಗಬಹುದಾದದ್ದು ಬೇರೆ. ನಾವು ಏನನ್ನು ಬಿಸಾಡಿದೆವು, ಅದು ಯಾರ ಕೈ ದಾಟಿ ಹೋಯಿತು ಎಂಬುದು ಅದರಿಂದ ಕಣ್ಣಿಗೆ ಬೀಳಬಹುದು.

ಚಂಡೀಗಢ ಮಾಡಿದ್ದೇನು?

ಪಟ್ಟಿಯಲ್ಲಿ ನಮ್ಮ ಜೊತೆ ಪೈಪೋಟಿಗೆ ಬಿದ್ದಿರುವ ಚಂಡೀಗಢದಲ್ಲೇ ಇದಕ್ಕೆ ದೇಶದ ದೊಡ್ಡ ಉದಾಹರಣೆ ಇದೆ. ದೇಶವಿಭಜನೆಯಲ್ಲಿ ಊರು ಬಿಟ್ಟು ಬಂದ ನೇಕ್ ಚಂದ್ ಅಲ್ಲಿ ಲೋಕೋಪಯೋಗಿ ಇಲಾಖೆಯ ರೋಡ್ ಇನ್ಸ್‌ಪೆಕ್ಟರ್. ಹೊಸ ರಾಜಧಾನಿ ಕಟ್ಟಲು ಹತ್ತಾರು ಹಳ್ಳಿಗಳನ್ನು ಎಬ್ಬಿಸಿದ್ದರು. ಆ ಹಳ್ಳಿಗಳ ಒಡೆದ ಮಡಕೆ, ಬಳೆ ಚೂರು, ಹೆಂಚು, ಪಿಂಗಾಣಿಯನ್ನು ನೇಕ್ ಚಂದ್ 1950ರ ದಶಕದ ಕೊನೆಯಿಂದ ಸೈಕಲ್ಲಿನಲ್ಲಿ ಹೇರಿಕೊಂಡು ಹೋಗಿ ಸರ್ಕಾರಿ ಕಾಡಿನ ಮರೆಯಲ್ಲಿ ಗೊಂಬೆ ಮಾಡಿ ನಿಲ್ಲಿಸುತ್ತ ಬಂದರು. ಸುಮಾರು 18 ವರ್ಷ ಯಾರಿಗೂ ಹೇಳಲಿಲ್ಲ. ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಕಾನೂನಿನ ಪ್ರಕಾರ ಅದನ್ನು ಕೆಡವಬೇಕಿತ್ತು. ಕೆಡವಲಿಲ್ಲ. 1976ರಲ್ಲಿ ಅದು ರಾಕ್ ಗಾರ್ಡನ್ ಆಗಿ ಜನರಿಗೆ ತೆರೆಯಿತು. ಮುಂದೆ ಅದರ ಮೇಲೆ ಬುಲ್ಡೋಜರ್ ಬಂದಾಗ ಜನರೇ ಮಾನವ ಸರಪಳಿ ಕಟ್ಟಿ ತಡೆದರು.

ಜನ ಯಾಕೆ ಬಂದು ನಿಂತರು? ಆ ಗೊಂಬೆಗಳ ಮೈಯಲ್ಲಿದ್ದದ್ದು ಇಲ್ಲವಾದ ಹಳ್ಳಿಗಳ ಪಾತ್ರೆ ಪಡಗ. ಯೋಜನೆ ಹಾಕಿ ಕಟ್ಟಿದ ನಗರ ಯಾವುದನ್ನು ಒರೆಸಿಹಾಕಿತ್ತೋ ಅದೇ ಅಲ್ಲಿ ಸಾಲಾಗಿ ನಿಂತಿತ್ತು. ನಮ್ಮ ಉದ್ಯಾನದ ನವಿಲನ್ನು ನಾಳೆ ಗುಜರಿಗೆ ಹಾಕಿದರೆ ಸರಪಳಿ ಕಟ್ಟಲು ಯಾರು ಬರುತ್ತಾರೆ?

ಕಸ ಎತ್ತುವವರನ್ನೇ ಕಲೆಯ ನಡುವೆ ತಂದವರೂ ಇದ್ದಾರೆ. ಅಮೆರಿಕದ ಕಲಾವಿದೆ ಮಿಯರ್ಲ್ ಲೇಡರ್‌ಮನ್ ಯೂಕಲೀಸ್ 1977ರಲ್ಲಿ ನ್ಯೂಯಾರ್ಕಿನ ನೈರ್ಮಲ್ಯ ಇಲಾಖೆಗೆ ಸಂಬಳವಿಲ್ಲದ ಕಲಾವಿದೆಯಾಗಿ ಸೇರಿಕೊಂಡರು. 1979-80ರಲ್ಲಿ ಊರೆಲ್ಲ ತಿರುಗಿ 8,500 ನೈರ್ಮಲ್ಯ ಕಾರ್ಮಿಕರನ್ನು ಒಬ್ಬೊಬ್ಬರನ್ನಾಗಿ ಭೇಟಿ ಮಾಡಿ, ಕೈ ಕುಲುಕಿ, ಧನ್ಯವಾದ ಹೇಳಿದರು. ಅದೇ ಅವರ ಕಲಾಕೃತಿ. 1983ರಲ್ಲಿ ಒಂದು ಕಸದ ಲಾರಿಯ ಮೈಗೆಲ್ಲ ಕನ್ನಡಿ ಹೊದಿಸಿ ಮೆರವಣಿಗೆಯಲ್ಲಿ ಬಿಟ್ಟರು. ಬೀದಿ ಬದಿ ನಿಂತವರಿಗೆ ಕಸದ ಲಾರಿಯಲ್ಲಿ ಕಂಡದ್ದು ತಮ್ಮದೇ ಮುಖ. ನಮ್ಮ ಅರಳಿಕಟ್ಟೆಯ ಬಳಿ ಆ ಹೆಂಗಸು ನನಗೆ ಹೇಳಿದ್ದೂ ಹೆಚ್ಚುಕಮ್ಮಿ ಅದೇ ಅಲ್ಲವೇ?

ಉತ್ತರ ಇಲ್ಲೇ ಇತ್ತು

ಚಂಡೀಗಢ, ನ್ಯೂಯಾರ್ಕ್‌ವರೆಗೆ ಹೋಗಲೇಬೇಕೆಂದೇನಿಲ್ಲ. ನಮ್ಮ ಹಳ್ಳಿಗಳ ಬೆದರುಬೊಂಬೆಯನ್ನೇ ನೋಡಿ. ಹರಿದ ಅಂಗಿ, ತೂತಾದ ಮಡಕೆ, ಒಂದಿಷ್ಟು ಹುಲ್ಲು, ಎರಡು ಗಳ. ಹೊಲದವರೇ ಮಾಡುತ್ತಾರೆ, ಹೊಲಕ್ಕೇ ಮಾಡುತ್ತಾರೆ. ಬೆಳೆ ಬಂದ ಮೇಲೆ ಅದರ ಕೆಲಸ ಮುಗಿಯಿತು. ಕಟ್ಟುತ್ತಿರುವ ಮನೆಯ ಮುಂದಿನ ದೃಷ್ಟಿಬೊಂಬೆ, ಹಳೇ ಸೀರೆ ಪಂಚೆಗಳ ತುಂಡು ಜೋಡಿಸಿ ಹೊಲಿದ ಕೌದಿ, ಎಲ್ಲವೂ ಅದೇ ಜಾತಿಯವು. ಇವಕ್ಕೆ ಯಾರೂ ‘ಅಪ್‌ಸೈಕ್ಲಿಂಗ್’ ಅಂತ ಹೆಸರಿಟ್ಟಿರಲಿಲ್ಲ.

ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ ಶುರುವಾದದ್ದು 1968ರಲ್ಲಿ. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ, ವಿದ್ವಾಂಸ ಜೀ.ಶಂ. ಪರಮಶಿವಯ್ಯ ಅವರಂಥವರು ಊರೂರು ಅಲೆದು ತೊಗಲುಗೊಂಬೆ, ಸೋಮನ ಮುಖ, ಕೊಳಗ, ಬಟ್ಟಲು, ಕೃಷಿ ಉಪಕರಣಗಳನ್ನು ಸೇರಿಸಿದರು. ಸ್ಟೀಲು, ಪ್ಲಾಸ್ಟಿಕ್ಕು ಮನೆ ಹೊಕ್ಕು ಹಳೆಯದೆಲ್ಲ ಅಟ್ಟಕ್ಕೂ ತಿಪ್ಪೆಗೂ ಹೋಗುತ್ತಿದ್ದ ಕಾಲ ಅದು. ಒಂದೊಂದು ವಸ್ತುವಿಗೂ ಒಂದು ಊರಿದೆ, ಬಳಕೆಯಿದೆ, ಹೆಸರಿದೆ ಎಂಬುದನ್ನು ಉಳಿಸಿದ್ದೇ ಆ ಸಂಗ್ರಹದ ದೊಡ್ಡತನ. ಗುಜರಿ ಶಿಲ್ಪದಲ್ಲಿ ಮೊದಲು ಕಳೆದುಹೋಗುವುದು ಈ ಊರು, ಬಳಕೆ, ಹೆಸರುಗಳೇ.

ಕರ್ನಾಟಕದ ಈಗಿನ ಶಿಲ್ಪಿಗಳಿಗೂ ಇದು ಗೊತ್ತಿದೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಸೆಗಣಿಯಿಂದ, ರಸ್ತೆಗೆ ಟಾರು ತಂದ ಖಾಲಿ ಡ್ರಮ್ಮುಗಳಿಂದ, ಮುಡಿ ಕೊಟ್ಟ ಕೂದಲಿನ ಹಗ್ಗದಿಂದ ಕೃತಿ ಮಾಡಿದವರು. 2009ರ ‘ಬಿಹೋಲ್ಡ್’ ಕೃತಿಯಲ್ಲಿ ಅಂಥ 4,000 ಮೀಟರ್ ಕೂದಲ ಹಗ್ಗ 20 ಕಾರ್ ಬಂಪರುಗಳನ್ನು ಎತ್ತಿ ಹಿಡಿದಿದೆ. ದೃಷ್ಟಿ ತಾಗದಿರಲಿ ಎಂದು ಬಂಪರಿಗೆ ಕೂದಲ ಹಗ್ಗ ಕಟ್ಟುವುದನ್ನು ನೋಡಿದ ನಮಗೆ ಆ ಕೃತಿಯನ್ನು ಯಾರೂ ವಿವರಿಸಬೇಕಿಲ್ಲ. ವಸ್ತುವಿನ ಹಿಂದಿನ ಜನ್ಮ ಅಲ್ಲಿ ಅಳಿಸಿಹೋಗಿಲ್ಲ.

ಮೈಸೂರಿನವರೇ ಆದ, ಇಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ (ಕಾವಾ) ಓದಿದ ಬಾದಲ್ ನಂಜುಂಡಸ್ವಾಮಿ ಅವರದು ಇನ್ನೊಂದು ದಾರಿ. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ನೀರು ತುಂಬಿ ನಿಂತ ಗುಂಡಿಯೊಳಗೆ ಮೊಸಳೆಯೊಂದನ್ನು ಇಳಿಬಿಟ್ಟವರು ಅವರು. ಜನ ನಕ್ಕರು, ಪತ್ರಿಕೆಗಳು ಬರೆದವು, ರಸ್ತೆ ರಿಪೇರಿಯಾಯಿತು. 2019ರಲ್ಲಿ ನಟ ಪೂರ್ಣಚಂದ್ರ ಮೈಸೂರು ಅವರಿಗೆ ಗಗನಯಾತ್ರಿಯ ಉಡುಪು ತೊಡಿಸಿ ಗುಂಡಿ ಬಿದ್ದ ರಸ್ತೆಯ ಮೇಲೆ ‘ಚಂದ್ರನಡಿಗೆ’ ಮಾಡಿಸಿದ ವಿಡಿಯೊ ಲೋಕವೆಲ್ಲ ಸುತ್ತಿತು. ಆ ಮೊಸಳೆಗೆ ಪೀಠವಿರಲಿಲ್ಲ, ಉದ್ಘಾಟಕರಿರಲಿಲ್ಲ. ಬೀದಿಯ ಜನರ ದೂರನ್ನೇ ಅದು ಬೇರೆ ಭಾಷೆಯಲ್ಲಿ ಹೇಳಿತು. ದೂರು ತೀರಿದ ಮೇಲೆ ಅದು ಅಲ್ಲಿರಬೇಕಾದ ಅಗತ್ಯವೂ ಉಳಿಯಲಿಲ್ಲ.

ಹೆಸರಿನ ಮಾತಿಗೆ ಬರೋಣ. ಅರುಣ್ ಯೋಗಿರಾಜ್ ಕೆತ್ತಿದ ಅಯೋಧ್ಯೆಯ ಬಾಲರಾಮನಿಂದಾಗಿ ಮೈಸೂರಿನ ಶಿಲ್ಪಕಲೆ 2024ರಲ್ಲಿ ಮನೆಮಾತಾಯಿತು. ಆ ಕಲ್ಲು ಸಿಕ್ಕಿದ್ದು ಮೈಸೂರಿನ ಹತ್ತಿರದ ಹಾರೋಹಳ್ಳಿ-ಗುಜ್ಜೇಗೌಡನಪುರದಲ್ಲಿ, ಹೊಲ ಹಸನು ಮಾಡುವಾಗ ಅಡ್ಡ ಬಂದ ಬಂಡೆಯಾಗಿ. ಬೇಡವೆಂದು ಎತ್ತಿ ಹಾಕಿದ ಕಲ್ಲು. ಅದನ್ನು ತೆಗೆದವರಿಗೆ ಗಣಿ ಇಲಾಖೆಯ ದಂಡ ಬಿದ್ದಿತ್ತು ಎಂಬುದೂ ಆಗ ಸುದ್ದಿಯಾಯಿತು. ಕೆತ್ತಿದವರ ಪ್ರತಿಭೆಗೆ ಸಂದ ಗೌರವ ನ್ಯಾಯವಾದದ್ದೇ. ಕಲ್ಲನ್ನು ಮಣ್ಣಿನಿಂದ ಎತ್ತಿದವರ ಕಥೆ ದಂಡದ ಚೀಟಿಯಾಗಿ ಮಾತ್ರ ಉಳಿಯುವುದು ನಮ್ಮ ಅಭ್ಯಾಸ. ಗುಜರಿ ಶಿಲ್ಪದಲ್ಲಿ ಆಗುತ್ತಿರುವುದೂ ಇದೇ.

ತೀರ್ಮಾನ ಮಾಡುವವರು ಯಾರು?

ಮೈಸೂರಿನಲ್ಲಿ 65 ವಾರ್ಡ್‌ಗಳಿವೆ. 2023ರ ನವೆಂಬರ್‌ನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದು, ಸಕಾಲಕ್ಕೆ ಚುನಾವಣೆ ನಡೆಯದೆ, ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ನಮ್ಮ ಉದ್ಯಾನದಲ್ಲಿ ಏನು ನಿಲ್ಲಬೇಕು ಎಂದು ಕೇಳಲು, ಬೇಡ ಎಂದು ಜಗಳ ಆಡಲು ಕಾರ್ಪೊರೇಟರ್ ಕೂಡ ಇಲ್ಲದ ಸ್ಥಿತಿ. ಇನ್ನೊಂದು ಕಡೆ, ಸಾರ್ವಜನಿಕ ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ಆದೇಶಿಸಿದೆ. ಆದರೂ ಯಾವ ವೃತ್ತದಲ್ಲಿ ಯಾರ ಪ್ರತಿಮೆ ಎಂಬ ತಕರಾರು ಮೈಸೂರನ್ನು ಬಿಟ್ಟಿಲ್ಲ. ಗುಜರಿ ಸಿಂಹ, ನವಿಲುಗಳು ಈ ತಕರಾರಿನಿಂದ ತಪ್ಪಿಸಿಕೊಳ್ಳುವ ಸುಲಭದ ದಾರಿಯೂ ಹೌದು. ಯಾವ ಜಾತಿಗೂ ಸೇರದ, ಯಾರ ನೆನಪನ್ನೂ ಕೆದಕದ ಪ್ರಾಣಿಗಳು. ಆದರೆ ಯಾರ ನೆನಪೂ ಇಲ್ಲದ್ದನ್ನು ಯಾರೂ ಕಾಪಾಡುವುದಿಲ್ಲ.

ಮೈಸೂರಿಗೆ ತನ್ನದೇ ನೆನಪಿನ ಗುಜರಿ ಬೇಕಾದಷ್ಟಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ದುಡಿದ ಎಷ್ಟೋ ಮಂದಿ ಇನ್ನೂ ನಮ್ಮ ನಡುವೆ ಇದ್ದಾರೆ. ಜಾವಾ, ಯೆಜ್ಡಿಯ ಯಾವ ಬಿಡಿಭಾಗ ಯಾವ ವಿಭಾಗದಲ್ಲಿ ತಯಾರಾಯಿತೆಂದು ಕಣ್ಣು ಮುಚ್ಚಿ ಹೇಳಬಲ್ಲವರು. ಅವರನ್ನು ಕೂರಿಸಿಕೊಂಡು ಕಾವಾದ ಹುಡುಗರು ಹಳೇ ಟ್ಯಾಂಕು, ಸೈಲೆನ್ಸರುಗಳಿಂದ ಏನಾದರೂ ಮಾಡಿದರೆ ಅದು ಬರೀ ಬೈಕಿನ ಆಕಾರ ಆಗದೆ ಒಂದು ತಲೆಮಾರಿನ ದುಡಿಮೆಯ ದಾಖಲೆ ಆಗುತ್ತದೆ. ದಸರಾದ ಸ್ತಬ್ಧಚಿತ್ರಗಳ ಪ್ಲೈವುಡ್ಡು, ಥರ್ಮಾಕೋಲು, ವಸ್ತುಪ್ರದರ್ಶನದ ಫ್ಲೆಕ್ಸು, ಜಂಬೂಸವಾರಿ ದಾಟಿದ ಮೇಲೆ ರಸ್ತೆಯಲ್ಲಿ ಉಳಿಯುವ ಚಪ್ಪಲಿಗಳು, ಇವು ಕೂಡ ಈ ಊರಿನವೇ. ಅಂಬಾರಿಯ ಫೋಟೊ ಎಲ್ಲರ ಬಳಿ ಇದೆ. ಮರುದಿನ ಬೆಳಗಿನ ಜಾವ ರಸ್ತೆ ಗುಡಿಸಿದವರ ದಸರಾ ಹೇಗಿತ್ತು ಎಂಬುದನ್ನು ನಾವು ಒಮ್ಮೆಯೂ ನೋಡಿಲ್ಲ.

ಕುಂಬಾರಕೊಪ್ಪಲಿನಲ್ಲಿ ಶೂನ್ಯ ತ್ಯಾಜ್ಯ ಘಟಕವಿದೆ. ಬೇರೆ ಊರಿನ ಪಾಲಿಕೆಯವರು ನೋಡಿ ಕಲಿಯಲು ಬರುವ ಜಾಗ ಅದು. ಅಲ್ಲಿ ಕಸ ವಿಂಗಡಿಸುವವರಿಗೆ ಒಂದು ಪ್ಲಾಸ್ಟಿಕ್ಕನ್ನು ಕೈಯಲ್ಲಿ ಹಿಸುಕಿದರೆ ಸಾಕು, ಅದು ಯಾವ ಜಾತಿಯದು, ಯಾರು ಕೊಳ್ಳುತ್ತಾರೆ, ಯಾರು ಕೊಳ್ಳುವುದಿಲ್ಲ ಅಂತ ತಿಳಿಯುತ್ತದೆ. ಶಿಲ್ಪಕ್ಕೆ ವಸ್ತು ಆರಿಸುವ ಕಣ್ಣು ಇದಕ್ಕಿಂತ ಬೇರೆಯೇ?

ಹಾಗಾಗಿ ನನ್ನ ಕೇಳಿಕೆಗಳು ಸರಳ. ಒಂದು, ಯಾವುದೇ ಗುಜರಿ ಶಿಲ್ಪಕ್ಕೆ ಹಣ ಇಡುವ ಮುಂಚೆ ಆ ವಾರ್ಡಿನ ಜನರ ಸಭೆ ಆಗಲಿ, ಅದರಲ್ಲಿ ಪೌರಕಾರ್ಮಿಕರಿಗೂ ಗುಜರಿಯವರಿಗೂ ಕುರ್ಚಿ ಇರಲಿ. ಎರಡು, ವಸ್ತು ಆಯುವ, ವಿಂಗಡಿಸುವ ಕೆಲಸಕ್ಕೆ ಕೂಲಿ ಕೊಡಲಿ. ಅದನ್ನು ಡ್ಯೂಟಿಯ ಮೇಲೆ ಹೇರುವ ಬಿಟ್ಟಿ ಚಾಕರಿ ಮಾಡಬಾರದು. ಮೂರು, ಪೀಠದ ಮೇಲೆ ಮೊದಲು ಮಾಡಿದವರ, ಆಯ್ದವರ ಹೆಸರು ಬರಲಿ. ನಾಲ್ಕು, ಬಣ್ಣ, ರಿಪೇರಿಗೆ ಐದು ವರ್ಷದ ಹಣ ಮೊದಲೇ ತೆಗೆದಿಡಲಿ. ಬೇಡವೆನಿಸಿದ ದಿನ ಬಿಚ್ಚಿ ಗುಜರಿಗೆ ಕೊಡುವಂತೆ ನಟ್ಟು ಬೋಲ್ಟಿನಲ್ಲಿ ಕಟ್ಟಲಿ, ಕಾಂಕ್ರೀಟಿನಲ್ಲಿ ಹೂಳುವುದು ಬೇಡ.

ಇಷ್ಟಕ್ಕೆಲ್ಲ ಟೈಮ್ ಎಲ್ಲಿದೆ, ಕಲಾವಿದರ ಸ್ವಾತಂತ್ರ್ಯ ಏನಾಗಬೇಕು ಎಂದು ಕೇಳುವವರಿದ್ದಾರೆ. ಸಮಿತಿಯಲ್ಲಿ ಕೂತು ಮಾಡಿದ ಕಲೆ ಸಪ್ಪೆಯಾಗುತ್ತದೆ ಎಂಬ ಅಳುಕು ನನಗೂ ಇದೆ. ನೇಕ್ ಚಂದ್ ಯಾವ ಸಭೆಯನ್ನೂ ಕರೆದಿರಲಿಲ್ಲ, ಮೊಸಳೆಗೆ ಯಾರ ಒಪ್ಪಿಗೆಯೂ ಇರಲಿಲ್ಲ, ನಿಜ. ಆದರೆ ಅವರಿಬ್ಬರೂ ಸಾರ್ವಜನಿಕರ ದುಡ್ಡಿನಿಂದ ಶುರು ಮಾಡಿದವರಲ್ಲ. ತೆರಿಗೆ ಹಣದಲ್ಲಿ, ‘ಸಮುದಾಯ’ ಎಂಬ ಹೆಸರಿನಲ್ಲಿ ಮಾಡುವಾಗ ಸಮುದಾಯವನ್ನು ಕೇಳುವುದು ಕನಿಷ್ಠ ಮರ್ಯಾದೆ.

ಪೌರಕಾರ್ಮಿಕರನ್ನು ಕೇಳುವುದಂತೂ ತಡವಾಗಿದೆ. 2022ರ ಜುಲೈನಲ್ಲಿ ಅವರು ರಾಜ್ಯದಾದ್ಯಂತ ಮುಷ್ಕರ ಮಾಡಿದ ಮೇಲಷ್ಟೇ, ಆ ಸೆಪ್ಟೆಂಬರ್‌ನಲ್ಲಿ 11,133 ಮಂದಿಯನ್ನು ಕಾಯಂ ಮಾಡುವ ತೀರ್ಮಾನ ಬಂತು. ಕಸದ ಆಟೊ ಓಡಿಸುವವರು, ಲೋಡರ್‌ಗಳು, ಒಳಚರಂಡಿ ಕಾರ್ಮಿಕರು ಆ ತೀರ್ಮಾನದ ಆಚೆಯೇ ಉಳಿದು ಮತ್ತೆ ಬೀದಿಗಿಳಿಯಬೇಕಾಯಿತು. ಕಸದಿಂದ ಸಂಪತ್ತು ಎನ್ನುವ ಘೋಷಣೆಯ ಲೆಕ್ಕದಲ್ಲಿ ಇವರ ಪಾಲು ಎಷ್ಟು?

ಹೋದ ತಿಂಗಳು ನಮ್ಮ ಅರಳಿಕಟ್ಟೆಯ ಹತ್ತಿರ ಆ ಹೆಂಗಸು ಮತ್ತೆ ಸಿಕ್ಕರು. ತಿಂಡಿ ಹೊತ್ತು. ಕಟ್ಟೆಯ ಮೇಲೆ ಕೂತರೆ ಕೆಲವರು ಗೊಣಗುತ್ತಾರಂತೆ, ಹಾಗಾಗಿ ಆಟೊದ ನೆರಳಲ್ಲಿ ನೆಲದ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ನಾನು ಈ ಲೇಖನದ ಗುಂಗಿನಲ್ಲೇ ಇದ್ದೆ. “ಈ ಹಳೇ ಸಾಮಾನೆಲ್ಲ ಸೇರಿಸಿ ಇಲ್ಲೊಂದು ಗೊಂಬೆ ಮಾಡಿ ಅಂದ್ರೆ ನೀವು ಏನು ಮಾಡ್ತೀರಮ್ಮ?” ಅಂತ ಕೇಳಿದೆ.

ಅವರು ಯೋಚಿಸಲು ಟೈಮ್ ತಗೊಳ್ಳಲಿಲ್ಲ. “ಗೊಂಬೆ ಯಾಕ್ ಸಾ? ಕೂತ್ಕಳಕೆ ಒಂದ್ ಜಗ್ಲಿ ಮಾಡ್ತೀನಿ. ಒಡ್ದೋದ್ ಟೈಲ್ಸ್ ಬೇಕಾದಷ್ಟ್ ಸಿಕ್ತವೆ. ಮ್ಯಾಲೊಂದ್ ಸೀಟು ಆಕುದ್ರೆ ನೆಳ್ಳೂ ಆಯ್ತದೆ. ನೀವೂ ಬಂದ್ ಕೂತ್ಕಳಿ.”